ಗೋಡೆ ಹಿಡಿದ ಗಳಿಗೆಗಳು

ನನ್ನ ಓರಗಿತ್ತಿ ಮಹಾನಂದಾ ಗೋಡೆಗೆ ಅಂಗೈ ಇಟ್ಟರೆ ಗಳಿಗೆ ನಿಲ್ಲುತ್ತಿತ್ತು. ನಾನು ಇಟ್ಟರೆ ಅಂಗೈಗೆ ಸುಣ್ಣ ಹತ್ತುತ್ತಿತ್ತು. ಅವಳಿಗೂ ನನಗೂ ಇದ್ದ ವ್ಯತ್ಯಾಸ ಇಷ್ಟೇ, ಇಷ್ಟಕ್ಕೇ ನಾನು ಮೂರು ವರ್ಷ ಹೊಟ್ಟೆ ತುಂಬ ಉಣ್ಣಲಿಲ್ಲ. ಹೊಟ್ಟೆಕಿಚ್ಚು ಅನ್ನಿ ಬೇಕಾದರೆ. ಓಣಿಯ ಮಂದಿ ಅದನ್ನೇ ಅಂದರು, ಮುಖದ ಮೇಲೇ ಅಂದರು. "ಹೆಸರು ನೋಡಿದ್ರ ಸಕ್ರೆವ್ವ, ಬಾಯಿ ತಗದ್ರ ಬೇವು" ಎಂದು ನಕ್ಕರು. ನನಗೆ ಹೊಟ್ಟೆಕಿಚ್ಚಿಲ್ಲ ಎಂದು ನಾನು ಕುಲದೇವರ ಮೇಲೆ ಆಣೆ ಮಾಡಿದ್ದೆ. ಈಗ ಮಾಡುವುದಿಲ್ಲ.

ನಮ್ಮ ಓಣಿಯಲ್ಲಿ ಏಳು ಮನೆ, ಏಳು ಮಗ್ಗ. ಏಳಕ್ಕೂ ಹಿಂದುಗಡೆ ಒಂದೇ ಉದ್ದನೆಯ ಮಣ್ಣಿನ ಗೋಡೆ. ಎಲ್ಲರ ಮಗ್ಗದ ಉದ್ದೆಳೆಯ ಹಾಸುನೂಲನ್ನೂ ಆ ಗೋಡೆಗೆ ಹೊಡೆದ ಗೂಟಕ್ಕೇ ಎಳೆದು ಕಟ್ಟಿರುತ್ತಿದ್ದರು. ಮಹಾನಂದಾ ಅಂಗೈ ಒದ್ದೆ ಮಾಡಿಕೊಂಡು ಗೋಡೆಗೆ ಇಟ್ಟು "ಹಿಡಿ" ಅಂದಳೆಂದರೆ, ಆ ಹೊತ್ತಿಗೆ ಏಳು ಮಗ್ಗದ ಮೇಲೆ ಏನಿತ್ತೋ ಅದು ಇದ್ದ ಹಾಗೇ ಗೋಡೆಯೊಳಗೆ ಉಳಿಯುತ್ತಿತ್ತು. ಆಮೇಲೆ ಇಲಿ ಕಡಿಯಲಿ, ಎಣ್ಣೆ ಚೆಲ್ಲಲಿ, ನೇಯುವವನೇ ತಪ್ಪು ನೇಯಲಿ, ಅದೇ ಅಂಗೈ ಇಟ್ಟು "ಮರಳು" ಅಂದರೆ ಮಗ್ಗಗಳು ಆ ಗಳಿಗೆಗೆ ಮರಳುತ್ತಿದ್ದವು. ನಾವು ಮರಳುತ್ತಿರಲಿಲ್ಲ. ನಮ್ಮ ಸೊಂಟನೋವು, ನಾವು ಆಡಿದ ಮಾತು, ನಮ್ಮ ಸಿಟ್ಟು ಎಲ್ಲ ಇದ್ದಲ್ಲೇ ಇರುತ್ತಿದ್ದವು.

ನಾನು ಈ ಓಣಿಗೆ ಸೊಸೆಯಾಗಿ ಬಂದಾಗ ಗೋಡೆಯಲ್ಲಿ ಗಳಿಗೆ ಹಿಡಿಯಬಲ್ಲ ಕೊನೆಯ ಮುದುಕಿ ಸತ್ತು ಎಷ್ಟೋ ವರ್ಷವಾಗಿತ್ತು. ಕೆಟ್ಟ ಸೀರೆ ಕೆಟ್ಟೇ ಹೋಗುತ್ತಿತ್ತು. ಆಗ ತವರಿನಲ್ಲಿ ಕಲಿತದ್ದನ್ನು ನಾನು ಇಲ್ಲಿ ಶುರುಮಾಡಿದೆ. ಒಂದೊಂದು ಮಗ್ಗದ ಪಕ್ಕ ಮಣೆ ಹಾಕಿಕೊಂಡು ಕೂತು, ಎಷ್ಟನೆಯ ಎಳೆ ಮೇಲೆ, ಎಷ್ಟನೆಯದು ಕೆಳಗೆ, ಯಾವ ಬಣ್ಣ ಎಂದು ಚೌಕುಳಿ ಹಾಳೆಯ ವಹಿಯಲ್ಲಿ ಗುರುತು ಹಾಕಿಕೊಳ್ಳುವುದು. ಒಂದು ಸೆರಗಿಗೆ ಎಂಟು ದಿನ ಹಿಡಿಯುತ್ತಿತ್ತು. ಕತ್ತು ಹಿಡಿಯುತ್ತಿತ್ತು, ಕಣ್ಣು ಉರಿಯುತ್ತಿತ್ತು. ಬರೆದದ್ದನ್ನು ಇನ್ನೊಂದು ವಹಿಗೆ ಇಳಿಸಿ, ಅಮಾವಾಸ್ಯೆಯ ರಜೆಗೆ ಹಳ್ಳದ ಆಚೆಯ ಊರಿಗೆ ಹೋಗಿ ನನ್ನ ತಂಗಿಯ ಟ್ರಂಕಿನಲ್ಲಿ ಇಟ್ಟು ಬರುತ್ತಿದ್ದೆ. ಅದರಲ್ಲಿ ದೊಡ್ಡ ವಿಚಾರವೇನೂ ಇರಲಿಲ್ಲ. ತಂಗಿಯ ಮನೆಗೆ ಹೋಗಲು ನನಗೊಂದು ನೆಪ ಬೇಕಿತ್ತು, ಅವಳು ಬದನೆಕಾಯಿ ಎಣ್ಣೆಗಾಯಿ ಚೆನ್ನಾಗಿ ಮಾಡುತ್ತಾಳೆ. ಆದರೂ ಯಾರದ್ದಾದರೂ ಸೀರೆ ಹಾಳಾದರೆ ಆ ವಹಿ ನೋಡಿ ತಿಂಗಳೊಪ್ಪತ್ತಿನಲ್ಲಿ ಅಂಥದ್ದೇ ಇನ್ನೊಂದನ್ನು ನೇಯಬಹುದಿತ್ತು. ಹದಿನಾರು ವರ್ಷ ಓಣಿ ನನ್ನನ್ನು ಕರೆದು ಕೂರಿಸಿತು.

ಆಮೇಲೆ ನನ್ನ ಮೈದುನನ ಮದುವೆಯಾಯಿತು. ಹೊಸ ಸೊಸೆ ಮಹಾನಂದಾ ಬಂದ ಮೂರನೆಯ ದಿನ ಸಾರಣೆ ಮಾಡುತ್ತ ಗೋಡೆಗೆ ಕೈ ಊರಿದಳು, ಓಣಿಯ ಏಳೂ ಮಗ್ಗ ಒಂದು ಸಲ ನಡುಗಿದವು. ಅಷ್ಟೇ. ಅವಳಿಗೆ ಎಂಟು ದಿನ ಬೇಡ, ರೆಪ್ಪೆ ಮಿಟುಕಿಸುವಷ್ಟು ಹೊತ್ತು ಸಾಕು. ಕತ್ತು ಹಿಡಿಯುವುದಿಲ್ಲ, ಕಣ್ಣು ಉರಿಯುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ನಾನು ಆ ದಿನದಿಂದ ಹಿತ್ತಲ ಗಿಡವಾದೆ. ನನ್ನನ್ನು ಕಂಡರೆ "ಏನವ್ವಾ, ಇನ್ನೂ ಎಳಿ ಎಣಸಾಕತ್ತೀಯೇನು?" ಎಂದು ಕೇಳತೊಡಗಿದರು. ಕರೆಯದಿದ್ದರೂ ನಾನು ಹೋಗಿ ಕೂತು ಬರೆದುಕೊಂಡೆ. ಹಟಕ್ಕೆ. ಒಬ್ಬರೂ ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ.

ಎಲ್ಲರೂ ಮನೆಗೆ ಹೋದ ಮೇಲೆ ನಾನೂ ಗೋಡೆಗೆ ಕೈ ಇಟ್ಟು ನೋಡಿದ್ದೇನೆ. ಒದ್ದೆ ಕೈ, ಒಣ ಕೈ, ಎಡಗೈ, ಬಲಗೈ. "ಹಿಡಿ" ಎಂದು ಮೆಲ್ಲಗೆ ಅಂದೆ, ಜೋರಾಗಿ ಅಂದೆ, ಮಹಾನಂದಾಳ ದನಿ ಮಾಡಿ ಅಂದೆ. ನನ್ನ ಗಂಡ ಗುರುಸಿದ್ಧ ಒಳಗಿನಿಂದ "ಯಾರನ್ನ ಹಿಡೀಬೇಕು?" ಎಂದು ಕೇಳಿದ. ನಾನು ಅಂಗೈಯ ಸುಣ್ಣವನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದೆ.

ಗೋಡೆಯಲ್ಲಿ ಹುಳುಕು ಇಲ್ಲದೇ ಇರಲಿಲ್ಲ. ಮೊದಲು ಕಂಡವಳು ನಾನೇ, ಹುಳುಕು ಹುಡುಕುವ ಕಣ್ಣು ನನ್ನದೇ ತಾನೆ. ಒಂದು ದಿನ ಐದನೆಯ ಮನೆಯ ಬಂಡೆಪ್ಪನ ಬೆಕ್ಕು ದೀಪದ ಬುಡ್ಡಿಯನ್ನು ಅವನ ಹಾಸಿನ ಮೇಲೆ ಉರುಳಿಸಿತು. ಮದುವೆಗೆ ಒಪ್ಪಿಕೊಂಡ ಸೀರೆ, ಮಾರುದ್ದ ಎಣ್ಣೆ ಕುಡಿಯಿತು. ಮಹಾನಂದಾ ಬೆಳಗ್ಗೆ ಮಗ್ಗ ಶುರುವಾಗುವ ಹೊತ್ತಿಗೆ ಗಳಿಗೆ ಹಿಡಿದಿದ್ದಳು. ಬಂಡೆಪ್ಪ ಬಂದು ಅವಳ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತ. ನಾನು ಆ ಬೆಳಗ್ಗೆ ಒಂದು ಗೇಣು ಅಂಚು ನೇಯ್ದಿದ್ದೆ, ನನ್ನ ಜೀವಮಾನದಲ್ಲಿ ಅಂಥ ಅಂಚು ಕೂಡಿಬಂದಿರಲಿಲ್ಲ.

"ಅಂವನ ಮಗ್ಗ ಒಂದs ಹಿಂದಕ್ಕ ಒಯ್ಯಿ" ಅಂದೆ.

"ಹಂಗ ಬರೂದಿಲ್ರಿ ಅಕ್ಕಾ. ಗೋಡಿ ಒಂದೈತಿ. ಹೋದ್ರ ಏಳೂ ಹೋಗ್ತಾವ, ಇಲ್ಲಂದ್ರ ಒಂದೂ ಇಲ್ಲ."

"ಹಂಗಾರ ಒಬ್ಬನ ಬೆಕ್ಕಿನ ಸಲುವಾಗಿ ಆರು ಮನಿ ಕೆಲಸ ಹಾಳಾಗಬೇಕೇನು?"

ಮಂದಿ ನನ್ನನ್ನೇ ನೋಡಿದರು, ಬೆಕ್ಕು ನನ್ನದೇ ಎನ್ನುವ ಹಾಗೆ. "ಪಾಪ, ಬಂಡೆಪ್ಪನ ಬಾಯಿಗೆ ಮಣ್ಣು ಬೀಳ್ತೈತಿ" ಅಂದರು. ಮಹಾನಂದಾ ಅಂಗೈ ಇಟ್ಟಳು. ನನ್ನ ಗೇಣು ಅಂಚು ಕಣ್ಣೆದುರಿಗೇ ಕರಗಿತು. ಸಂಜೆ ಬಂಡೆಪ್ಪನ ಹೆಂಡತಿ ತಾಟು ಮುಚ್ಚಿಕೊಂಡು ಹೋಳಿಗೆ ತಂದಳು, ನನ್ನ ಬಾಗಿಲು ದಾಟಿ ಮಹಾನಂದಾಳ ಬಾಗಿಲಿಗೆ ಹೋದಳು. ಕೆಲಸ ಕಳೆದುಕೊಂಡವಳು ನಾನು, ಹೋಳಿಗೆ ತಿಂದವಳು ಅವಳು.

ಇನ್ನೊಂದು ಹುಳುಕಿತ್ತು. ಗಳಿಗೆ ಹಿಡಿಯುವ ಮುಂಚೆ ಮಹಾನಂದಾ ಓಣಿಯ ಈ ತುದಿಯಿಂದ ಆ ತುದಿಗೆ ಕೇಳುವ ಹಾಗೆ "ಕೈ ಬಿಡ್ರೀ" ಎಂದು ಕೂಗುತ್ತಿದ್ದಳು. ಆಗ ಎಲ್ಲರೂ ಲಾಳಿಯನ್ನು ಪಕ್ಕಕ್ಕಿಟ್ಟು, ಮಗ್ಗದಿಂದ ಕೈ ತೆಗೆದು, ಎದೆಯ ಮೇಲೆ ಕಟ್ಟಿಕೊಂಡು ಕೂರಬೇಕು. ಕೂರದಿದ್ದರೆ ಏನಾಗುತ್ತದೆ ಎಂದು ನೋಡಬೇಕೆನಿಸಿತು ನನಗೆ. ಒಂದು ದಿನ ಅವಳು ಕೂಗಿದಾಗ ನಾನು ಲಾಳಿ ಎಸೆಯುತ್ತಲೇ ಇದ್ದೆ. ಎರಡು ದಿನದ ಮೇಲೆ ಮೊದಲನೆಯ ಮನೆಯಲ್ಲಿ ಇಲಿ ಕಡಿದು, "ಮರಳು" ಅನ್ನಬೇಕಾಗಿ ಬಂತು. ಆರು ಮಗ್ಗ ಚೆಂದಾಗಿ ಮರಳಿದವು. ನನ್ನದು ಮರಳಿದಾಗ ಲಾಳಿ ಹಾಸಿನ ನಟ್ಟನಡುವೆ ಸಿಕ್ಕಿತ್ತು, ಎಳೆಯ ಮೇಲೆ ಎಳೆ ಹತ್ತಿ ಮೂವತ್ತು ನಲವತ್ತು ಹರಿದಿದ್ದವು. ನಾನು ಓಣಿ ಒಟ್ಟುಮಾಡಿ ಬಾಯಿ ಬಡಿದುಕೊಂಡೆ. ಇದೇ ಅವಳ ಕೈಗುಣ, ನೋಡಿರಿ ಎಲ್ಲರೂ ನೋಡಿರಿ ಅಂದೆ. ಮಹಾನಂದಾ ಬಗ್ಗಿ ಲಾಳಿ ಎಲ್ಲಿದೆ ಎಂದು ನೋಡಿದಳು. ಅವಳಿಗೆ ಗೊತ್ತಾಯಿತು. ಅವಳಿಗೆ ಗೊತ್ತಾದದ್ದು ನನಗೂ ಗೊತ್ತಾಯಿತು.

"ತಪ್ಪಾತ್ರಿ ಅಕ್ಕಾ. ನಾ ಸರಿಯಾಗಿ ಕೂಗಿಲ್ಲ ಅನಸ್ತೈತಿ" ಎಂದು ಮೂರು ದಿನ ನನ್ನ ಮಗ್ಗದ ಬಳಿ ಕೂತು ಹರಿದ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಿದಳು. ಬೈದಿದ್ದರೆ ನಾನು ಅವಳನ್ನು ಸ್ವಲ್ಪ ಕಡಿಮೆ ದ್ವೇಷಿಸುತ್ತಿದ್ದೆನೇನೋ. ಓಣಿಯ ಮಂದಿ "ಎಂಥಾ ಸಮಾಧಾನದ ಹುಡುಗಿ" ಅಂದರು. ಆ ಮೂರು ದಿನ ನಾನು ಅವಳಿಗೆ ಚಹಾ ಬೇಕೇ ಎಂದು ಕೂಡ ಕೇಳಲಿಲ್ಲ.

ಇಷ್ಟೆಲ್ಲ ಇದ್ದದ್ದೇ ಇತ್ತು. ಆದರೆ ನನ್ನ ಹೊಟ್ಟೆಗೆ ನಿಜವಾಗಿ ಬೆಂಕಿ ಬಿದ್ದದ್ದು ಅತ್ತೆಯ ಸೆರಗಿನ ವಿಷಯಕ್ಕೆ.

ನನ್ನ ಅತ್ತೆ ಹೊನ್ನವ್ವ ಆರನೆಯ ಮನೆಯಲ್ಲಿ ಚಿಕ್ಕ ಮಗ ಮತ್ತು ಮಹಾನಂದಾಳ ಜೊತೆಗಿದ್ದಳು. ಏಳನೆಯದು ನಮ್ಮದು. ಎರಡು ಮನೆಗೂ ನಡುವೆ ಒಂದು ಬಾಗಿಲು. ಅತ್ತೆಗೆ ಒಂದು ಸೆರಗು ನೇಯಲು ಬರುತ್ತಿತ್ತು, ಬೆಳ್ಳಕ್ಕಿ ಸೆರಗು. ಒಂಬತ್ತು ಸಾಲು ಬೆಳ್ಳಕ್ಕಿ. ಮೊದಲನೆಯ ಸಾಲಿನಲ್ಲಿ ಹಕ್ಕಿಗಳು ಸುಮ್ಮನೆ ನಿಂತಿರುತ್ತವೆ, ಸಾಲು ಸಾಲಿಗೆ ಕುತ್ತಿಗೆ ಎತ್ತುತ್ತ, ರೆಕ್ಕೆ ಬಿಚ್ಚುತ್ತ, ಒಂಬತ್ತನೆಯದರಲ್ಲಿ ಹಾರಿಹೋಗುತ್ತವಂತೆ. ಅವಳ ಅತ್ತೆ ಅವಳಿಗೆ ಕಲಿಸಿದ್ದು. ಇಡೀ ಊರಿನಲ್ಲಿ ಇನ್ನೊಬ್ಬರಿಗೆ ಬರುವುದಿಲ್ಲ. ಹಿಂದೆ ನೇಯ್ದದ್ದೆಲ್ಲ ನಾನು ಬರುವ ಮುಂಚೆಯೇ ಮಾರಿಹೋಗಿತ್ತು. ಮನೆತನದ ಇಂಥ ಸೆರಗನ್ನು ಕಾಗದಕ್ಕೆ ಏರಿಸುವ ಪದ್ಧತಿ ನಮ್ಮ ಮನೆಯಲ್ಲಿಲ್ಲ, ಕಾಗದಕ್ಕೆ ಕೊಟ್ಟರೆ ಊರಿಗೇ ಕೊಟ್ಟಂತೆ ಎನ್ನುತ್ತಾರೆ. ಅತ್ತೆ ಪಕ್ಕದಲ್ಲಿ ಒಬ್ಬ ಸೊಸೆಯನ್ನು ಕೂರಿಸಿಕೊಂಡು ನೇಯ್ದು ತೋರಿಸುತ್ತಾಳೆ. ಒಬ್ಬಳನ್ನೇ. ನಾನು ಹಿರಿಯ ಸೊಸೆ. ಹತ್ತೊಂಬತ್ತು ವರ್ಷ ಕಾದಿದ್ದೆ.

ಆ ವರ್ಷ ಅತ್ತೆಯ ಕಣ್ಣು ಮಂಜಾಗತೊಡಗಿತು. ವೈದ್ಯರು ನೋಡಿ, ಇನ್ನು ಆರು ತಿಂಗಳು ಕಂಡರೆ ಹೆಚ್ಚು ಅಂದರು. ಅತ್ತೆ ಅವತ್ತೇ ಮಗ್ಗಕ್ಕೆ ಹೊಸ ಹಾಸು ಹೂಡಿಸಿದಳು. "ಕಣ್ಣು ಹೋಗೂದ್ರಾಗ ಒಂದು ಬೆಳ್ಳಕ್ಕಿ ಸೆರಗು ಮುಗಸ್ತೀನಿ. ಕಣ್ಮುಂದ ಒಂದು ಇದ್ರ ಅದನ್ನ ನೋಡಿ ಮುಂದಿನವರು ನೇಯ್ತಾರ" ಅಂದಳು. ನಾನು ಸೀರೆ ಬದಲಿಸಿಕೊಂಡು, ತಲೆ ಬಾಚಿಕೊಂಡು, ನಡುವಿನ ಬಾಗಿಲಲ್ಲಿ ನಿಂತೆ. ಅತ್ತೆ "ನಂದಾ, ಬಾ, ಇಲ್ಲಿ ಗೋಡಿ ಬಾಜೂಕ ಕುಂಡ್ರು. ನಾಕು ನಾಕು ಎಳಿಗೊಮ್ಮೆ ಗಳಿಗಿ ಹಿಡಿ. ನನ್ನ ಕಣ್ಣು ತಪ್ಪಿದ್ರ ಹಿಂದಕ್ಕ ಹೋಗಬೇಕು" ಅಂದಳು. ನನ್ನ ಕಡೆ ತಿರುಗಿ "ಸಕ್ರೆವ್ವಾ, ಒಲೀ ಮ್ಯಾಲ ಬ್ಯಾಳಿ ಐತಿ, ನೋಡು" ಅಂದಳು.

ನಾನು ಬೇಳೆ ನೋಡಿದೆ. ಬೇಳೆ ಹತ್ತಿಹೋಗುವವರೆಗೆ ನೋಡಿದೆ.

ಅವತ್ತಿನಿಂದ ದಿನವೂ ಅದೇ. ಅತ್ತೆ ಮೂಗು ಬಟ್ಟೆಗೆ ಹತ್ತುವಷ್ಟು ಬಗ್ಗಿ ನಾಲ್ಕು ಎಳೆ ನೇಯುವುದು, ಮಹಾನಂದಾ "ಕೈ ಬಿಡ್ರೀ" ಅನ್ನುವುದು, ಓಣಿಯೆಲ್ಲ ಕೈ ಬಿಡುವುದು, ಅವಳು ಗೋಡೆಗೆ ಮುಖ ಮಾಡಿ ಅಂಗೈ ಇಡುವುದು. ಅತ್ತೆ ಅವಳ ಬೆನ್ನು ಸವರುವುದು. ನಾನು ಬಾಗಿಲ ಸಂದಿನಿಂದ ನೋಡುವುದು. ಓಣಿಯ ಎಲ್ಲ ಮಗ್ಗಗಳನ್ನೂ ಬರೆದುಕೊಳ್ಳುತ್ತಿದ್ದ ನಾನು ಆರನೆಯ ಮನೆಯ ಹೊಸ್ತಿಲು ಮಾತ್ರ ದಾಟಲಿಲ್ಲ. ಕರೆಯದೆ ಬೇರೆಯವರ ಮನೆಗೆ ಹೋದೆ, ನನ್ನ ಮನೆಗೆ ಹೋಗಲಿಲ್ಲ.

ಗೋಡೆ ಭಾರವಾಗುತ್ತ ಬಂತು. ಒಂದೆರಡು ಗಳಿಗೆ ಹಿಡಿದರೆ ಗೋಡೆಗೆ ಗೊತ್ತೇ ಆಗುತ್ತಿರಲಿಲ್ಲ. ದಿನಕ್ಕೆ ಹತ್ತು ಹದಿನೈದು ಹಿಡಿದು ಒಂದನ್ನೂ ಬಿಡದಿದ್ದರೆ ಏನಾಗಬೇಕೋ ಅದೇ ಆಯಿತು. ಸುಡುಬಿಸಿಲಿನಲ್ಲೂ ಗೋಡೆ ಬೆವರತೊಡಗಿತು. ಮಗ್ಗದ ತುಳಿಯುವ ಹಲಗೆಗಳು ಕಲ್ಲಿನಷ್ಟು ಗಟ್ಟಿಯಾದವು. ಮುಂಚೆ ದಿನಕ್ಕೆ ಒಂದು ಮೊಳ ನೇಯುತ್ತಿದ್ದವರು ಗೇಣು ನೇಯುವಷ್ಟರಲ್ಲಿ ಸೋತುಹೋಗುತ್ತಿದ್ದರು. ಮಹಾನಂದಾ ಮನೆಮನೆಗೆ ಹೋಗಿ, ಹಳೆಯ ಗಳಿಗೆಗಳನ್ನು ಬಿಟ್ಟುಬಿಡೋಣ ಎಂದು ಕೇಳಿದಳು. ಒಬ್ಬರೂ ಒಪ್ಪಲಿಲ್ಲ. "ಇರ್ಲಿ ಬಿಡವಾ, ಯಾವಾಗ ಯಾವುದು ಬೇಕಾಕ್ಕೈತೋ" ಅಂದ ಬಂಡೆಪ್ಪ. ಅತ್ತೆಯಂತೂ ತನ್ನ ಸೆರಗಿನ ಒಂದು ಗಳಿಗೆಯನ್ನೂ ಬಿಡಗೊಡಲಿಲ್ಲ.

ಏಳನೆಯ ಸಾಲು ಶುರುವಾದ ದಿನ ಮಧ್ಯಾಹ್ನ ಮಹಾನಂದಾ ನಡುವಿನ ಬಾಗಿಲು ತೆರೆದು ನನ್ನ ಬಳಿ ಬಂದಳು. ನಾನು ಜೋಳ ಹಸನು ಮಾಡುತ್ತಿದ್ದೆ. ಅವಳು ಎದುರಿಗೆ ಕೂತು, ಮೊರಕ್ಕೆ ಕೈ ಹಾಕಿ ತಾನೂ ಕಲ್ಲು ಆರಿಸತೊಡಗಿದಳು.

"ಅಕ್ಕಾ, ಅತ್ತಿ ಸೆರಗು ನೀವು ಬರ್ಕೋಬೇಕ್ರಿ" ಅಂದಳು.

"ಮನಿ ಸೆರಗು ಕಾಗದಕ್ಕ ಏರಸೂದಿಲ್ಲ. ನಿಮ್ಮ ಅತ್ತಿ ಹೇಳಿಲ್ಲೇನು?"

"ಅತ್ತಿಯವರನ್ನ ಒಪ್ಪಿಸೀನ್ರಿ. ನಾಕು ದಿನ ಹಿಡೀತು ಒಪ್ಪಸಾಕ."

"ಸಾಲಿಗೆ ಐವತ್ತು ಗಳಿಗಿ ಹಿಡದೀಯಲ್ಲ. ಮತ್ಯಾಕ ನನ್ನ ವಹಿ?"

ಅವಳು ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟಳು. "ಗೋಡಿ ಹಿಡಿದದ್ದು ಗೋಡಿ ಒಳಗs ಇರ್ತೈತ್ರಿ. ಮಗ್ಗಾನೂ ಗೋಡೀಗೇ ಕಟ್ಟೇವಿ, ಗಳಿಗೀನೂ ಗೋಡ್ಯಾಗs ಇಟ್ಟೇವಿ. ನಾಳೆ ಗೋಡೀನs ಹೋತಂದ್ರ ನನ್ನ ಕೈ ಏನು ಮಾಡೀತು? ನಿಮ್ಮ ವಹಿ ಹಳ್ಳದ ಆಚಿ ಇರ್ತೈತಿ. ನಂಗ ಹೆದರಿಕಿ ಬರಾಕತ್ತೈತ್ರಿ ಅಕ್ಕಾ."

ಆ ಮಾತು ನಿಜವೆಂದು ನನಗೆ ಅವತ್ತೇ ಗೊತ್ತಾಯಿತು. ಬೇರೆ ಯಾರು ಹೇಳಿದ್ದರೂ ನಾನು ಎದ್ದು ವಹಿ ತಂದಿರುತ್ತಿದ್ದೆ. ಹೇಳಿದವಳು ಅವಳಾಗಿದ್ದಳು. ಸೆರಗು ಅವಳಿಗೆ, ಅತ್ತೆಯ ಕೈ ಅವಳ ಬೆನ್ನಿಗೆ, ಓಣಿಯ ಹೊಗಳಿಕೆ ಅವಳಿಗೆ, ಆಮೇಲೆ ನಾನು ಹೋಗಿ ಮೂಲೆಯಲ್ಲಿ ಮಣೆ ಹಾಕಿಕೊಂಡು ಅವಳ ವೈಭವಕ್ಕೆ ಗುಮಾಸ್ತಗಿರಿ ಮಾಡಬೇಕು. ನನ್ನ ವಹಿಯನ್ನು ನನಗಿಂತ ಚೆನ್ನಾಗಿ ಹೊಗಳಿದವಳೂ ಅವಳೇ ಆಗಬೇಕೆ?

"ಒಲ್ಲೆ" ಅಂದೆ. "ನಿನ್ನ ಗೋಡಿ ನಿನಗ, ನನ್ನ ವಹಿ ನನಗ. ನಂಗ ಪುರಸೊತ್ತಿಲ್ಲ."

"ಅಕ್ಕಾ, ಅತ್ತಿ ಕಣ್ಣು..."

"ಅತ್ತಿಗೆ ಬೇಕಾಗಿದ್ರ ಅತ್ತಿನs ಬಂದು ಕೇಳ್ತಿದ್ಲು. ಏಳು, ಜೋಳಕ್ಕ ನೆರಳು ಬೀಳಾಕತ್ತೈತಿ."

ಅವಳು ಎದ್ದು ಹೋದಳು. ನಾನು ನಡುವಿನ ಬಾಗಿಲು ಮುಚ್ಚಿದೆ. ಮುಚ್ಚಿದ ಮೇಲೆ ಅದರ ಸಂದಿಗೆ ಕಿವಿಯಿಟ್ಟು, ಅವಳು ಅತ್ತೆಗೆ ನನ್ನ ಬಗ್ಗೆ ಏನು ಹೇಳುತ್ತಾಳೆ ಎಂದು ಕೇಳಿದೆ. ಏನೂ ಹೇಳಲಿಲ್ಲ.

ಇದಾಗಿ ಹನ್ನೊಂದನೆಯ ದಿನ ಬಂಡೆಪ್ಪನ ಮೊಮ್ಮಗಳಿಗೆ ಹೆಸರಿಡುವ ಊಟವಿತ್ತು. ನೆತ್ತಿಯ ಮೇಲೆ ಬಿಸಿಲು. ಏಳು ಮನೆಯವರೂ ಎದುರಿನ ಅಂಗಳದ ಚಪ್ಪರದಲ್ಲಿ ಉಣ್ಣಲು ಕೂತಿದ್ದೆವು. ನನ್ನ ಎಲೆಗೆ ಅನ್ನ ಬಿದ್ದಿತ್ತು, ಸಾರು ಇನ್ನೂ ಬಂದಿರಲಿಲ್ಲ. ಆಗ ನಮ್ಮ ಮನೆಯ ಕಡೆಯಿಂದ ಯಾರೋ ದೊಡ್ಡ ಚೀಲ ಎಳೆದಂಥ ಸದ್ದು ಕೇಳಿತು. ತಿರುಗಿ ನೋಡಿದರೆ ಗೋಡೆ ಏಳನೆಯ ಮನೆಯಿಂದ ಕುಸಿಯುತ್ತ ಕುಸಿಯುತ್ತ ಮೊದಲನೆಯ ಮನೆಯವರೆಗೂ ಹೋಯಿತು. ಮೇಲಿನ ಸೂರು ಅದರ ಮೇಲೆ ಕೂತಿತು. ಧೂಳು ಇಳಿಯುವವರೆಗೆ ಎಲ್ಲರೂ ಕಲೆಸಿದ ಅನ್ನವನ್ನು ಕೈಯಲ್ಲೇ ಹಿಡಿದುಕೊಂಡಿದ್ದರು. ಒಬ್ಬರಿಗೂ ಗಾಯವಾಗಲಿಲ್ಲ, ಅದೊಂದು ಪುಣ್ಯ.

ಮೊದಲು ಓಡಿದವಳು ಮಹಾನಂದಾ. ನಾಲ್ಕನೆಯ ಮನೆಯ ಹತ್ತಿರ ಮೊಣಕಾಲೆತ್ತರದ ಒಂದು ತುಂಡು ಗೋಡೆ ಉಳಿದಿತ್ತು. ಅಲ್ಲಿ ಮಂಡಿಯೂರಿ, ಎಂಜಲು ಕೈಯನ್ನು ಸೆರಗಿಗೆ ಒರೆಸಿಕೊಂಡು, ಅಂಗೈ ಇಟ್ಟು "ಮರಳು" ಅಂದಳು. ಮೂರು ಸಲ ಅಂದಳು. ಕೈ ತೆಗೆದಾಗ ಅಂಗೈ ತುಂಬ ಸುಣ್ಣ ಹತ್ತಿತ್ತು. ಸುಳ್ಳು ಯಾಕೆ ಹೇಳಲಿ, ಏಳು ಮನೆ ಮಣ್ಣಾಗಿ ಬಿದ್ದಿದ್ದವು, ನನ್ನ ಮಗ್ಗವೂ ಅದರ ಕೆಳಗಿತ್ತು, ಆದರೂ ಆ ಕೈ ನೋಡಿ ನನ್ನೊಳಗೆ ಒಂದು ಖುಷಿ ಎದ್ದಿತು. ಅತ್ತೆ ಚಪ್ಪರದ ಕಂಬ ಹಿಡಿದುಕೊಂಡು ನಿಂತಿದ್ದಳು. ಆ ಹೊತ್ತಿಗೆ ಅವಳಿಗೆ ಬೆಳಕು ಕತ್ತಲೆ ಬಿಟ್ಟರೆ ಹೆಚ್ಚೇನೂ ಕಾಣುತ್ತಿರಲಿಲ್ಲ.

"ನಂದಾ, ಹಿಡದಿದ್ದಿ ಹೌದಿಲ್ಲೋ? ಎಲ್ಲಾ ಗಳಿಗಿ ಅದಾವಿಲ್ಲೋ?" ಎಂದು ಕೇಳುತ್ತಲೇ ಇದ್ದಳು.

ಮಣ್ಣು ತೆಗೆಯಲು ನಾಲ್ಕು ದಿನ ಹಿಡಿಯಿತು. ಕೆಳಗೆ ಬಟ್ಟೆ ಇರಲಿಲ್ಲ. ಹಿಡಿದ ಗಳಿಗೆಗಳೆಲ್ಲ ಒಂದೇ ಸಲಕ್ಕೆ ಬಿಟ್ಟುಕೊಂಡು, ಏಳು ಮಗ್ಗದ ಬಟ್ಟೆಯೂ ಬಿಡಿಬಿಡಿ ನೂಲಾಗಿ ಮಣ್ಣಿನಲ್ಲಿ ಕಲೆತುಹೋಗಿತ್ತು. ಅತ್ತೆ ಆ ನೂಲನ್ನು ಮುಟ್ಟಿ ಮುಟ್ಟಿ ನೋಡಿ, ಇದು ಯಾರ ಮನೆಯದು ಎಂದು ಕೇಳಿದಳು.

ಐದನೆಯ ದಿನ ಬಂಡೆಪ್ಪ ನನ್ನ ಮುಂದೆ ಬಂದು ನಿಂತ. ಅವನ ಹಿಂದೆ ಓಣಿಯೇ ಬಂದಿತ್ತು. "ಸಕ್ರೆವ್ವಾ, ನಿನ್ನ ತಂಗಿ ಮನ್ಯಾಗ..." ಎಂದು ಶುರುಮಾಡಿ ಮುಂದೆ ಹೇಳಲಾಗದೆ ನಿಲ್ಲಿಸಿದ. ಅವನೇ ಗಾಡಿ ಕಟ್ಟಿದ. ಹಳ್ಳ ದಾಟಿ ಟ್ರಂಕು ತಂದೆವು. ಆರು ಮನೆಯ ಸೆರಗುಗಳೂ ಇದ್ದವು, ಎಳೆ ಎಳೆಯಾಗಿ, ಹಿಂದಿನ ಅಮಾವಾಸ್ಯೆಯವರೆಗೆ. ಅದರ ಈಚಿನದು ನನ್ನ ಮನೆಯ ವಹಿಯಲ್ಲಿತ್ತು, ಆ ವಹಿ ಮಣ್ಣಾಗಿತ್ತು. ಆದರೂ ಇಷ್ಟು ಸಾಕಿತ್ತು. ಮನೆಗಳನ್ನು ಮತ್ತೆ ಎಬ್ಬಿಸಿ, ಈ ಸಲ ಮರದ ಕಂಬ ಹುಗಿದು, ಮನೆಗೊಂದರಂತೆ ಬೇರೆ ಬೇರೆ ಮಗ್ಗ ಹೂಡಿದರು. ನಾನು ಒಂದೊಂದು ಮನೆಗೂ ಹೋಗಿ ವಹಿ ಬಿಚ್ಚಿ ಎಳೆ ಓದಿ ಹೇಳಿದೆ, ಅವರು ನೇಯ್ದರು. ನಿಧಾನವಾಗಿ, ಆದರೆ ಬಂತು. ಬಂಡೆಪ್ಪನ ಹೆಂಡತಿ ಕಣ್ಣಿಗೆ ಸೆರಗು ಹಚ್ಚಿಕೊಂಡು ಅತ್ತಳು. ಎರಡು ತಿಂಗಳು ಓಣಿಯಲ್ಲಿ ನನ್ನ ಹೆಸರು ಬಿಟ್ಟು ಬೇರೆ ಹೆಸರಿರಲಿಲ್ಲ. ನಾನು ಬೇಡಿದ್ದೆಲ್ಲ ಸಿಕ್ಕಿತು. ಮಹಾನಂದಾಳನ್ನು ಕಂಡವರು "ಪಾಪ" ಎನ್ನುತ್ತಿದ್ದರು. ಬೆನ್ನ ಹಿಂದೆ ಬೇರೆ ಏನೋ ಎನ್ನುತ್ತಿದ್ದರು, ಅದೂ ನನ್ನ ಕಿವಿಗೆ ಬೀಳುತ್ತಿತ್ತು, ಬೀಳಲಿ ಎಂದು ನಾನು ನಿಂತು ಕೇಳುತ್ತಿದ್ದೆ.

ಆರು ಮಗ್ಗ ಎದ್ದ ಮೇಲೆ ಒಂದು ಮುಂಜಾನೆ ಅತ್ತೆ ಮಹಾನಂದಾಳ ಭುಜ ಹಿಡಿದುಕೊಂಡು ನನ್ನ ಪಡಸಾಲೆಗೆ ಬಂದಳು. ಕಣ್ಣು ಪೂರ್ತಿ ಹೋಗಿತ್ತು. ಟ್ರಂಕಿನ ಮುಂದೆ ಕೂತು, ವಹಿಗಳ ಬೆನ್ನನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟುತ್ತ ಹೋದಳು.

"ಇದ್ರಾಗ ನನ್ನ ಬೆಳ್ಳಕ್ಕಿ ಯಾವುದವ್ವಾ?"

ಗುರುಸಿದ್ಧ ಎಲೆ ಅಡಿಕೆ ಬಿಟ್ಟು ನನ್ನ ಮುಖ ನೋಡಿದ. ಅತ್ತೆ ನಂಬಿದ್ದಳು. ತಾನು ಒಪ್ಪಿಗೆ ಕೊಟ್ಟಾಗಿದೆ, ಹಿರಿಯ ಸೊಸೆ ಯಾವಾಗಲೋ ಕೂತು ಬರೆದುಕೊಂಡಿದ್ದಾಳೆ ಎಂದು ನಂಬಿಕೊಂಡೇ ಎರಡು ತಿಂಗಳು ತನ್ನ ಸರದಿಗೆ ಕಾದಿದ್ದಳು.

ಮಹಾನಂದಾ ನನಗಿಂತ ಮೊದಲು ಬಾಯಿ ತೆರೆದಳು. "ಇಲ್ರಿ ಅತ್ತಿ. ಅಕ್ಕಗ ನಾ ಹೇಳಾಕs ಹೋಗಲಿಲ್ಲ. ಗೋಡಿ ಐತಲ್ಲ ಅಂತ ಸುಮ್ನಾದ್ನಿ. ನಂದs ತಪ್ಪು."

ಅವಳ ದನಿ ಒಂದಿಷ್ಟೂ ನಡುಗಲಿಲ್ಲ. ಅತ್ತೆಯ ಕೈ ಅವಳ ಭುಜದಿಂದ ಕೆಳಗೆ ಇಳಿಯಿತು. ನಾನು ಸುಮ್ಮನಿದ್ದರೆ ಮುಗಿಯುತ್ತಿತ್ತು. ಓಣಿ ನನ್ನದು, ಹೊಗಳಿಕೆ ನನ್ನದು, ಇನ್ನು ಅತ್ತೆಯೂ ನನ್ನವಳು. ಆದರೆ ಮಹಾನಂದಾ ತಲೆ ತಗ್ಗಿಸಿ ಕೂತ ರೀತಿ ನೋಡಿದೆ, ನನ್ನ ಹೊಟ್ಟೆಯಲ್ಲಿ ಹಳೆಯ ಕಿಚ್ಚೇ ಎದ್ದಿತು. ತಪ್ಪು ನನ್ನದು, ಅದನ್ನು ಹೊರುವ ದೊಡ್ಡತನವೂ ಅವಳಿಗೇ ಹೋಗಬೇಕೆ? ನನ್ನದು ಅನ್ನುವುದು ಒಂದನ್ನಾದರೂ ಈಕೆ ನನಗೆ ಬಿಡುವುದಿಲ್ಲವೇ? ಪಶ್ಚಾತ್ತಾಪದಿಂದ ಹೇಳಿದೆ ಎಂದು ಯಾರೂ ತಿಳಿಯಬೇಡಿ. ಅವಳಿಗೆ ಕೊಡಬಾರದೆಂದು ಹೇಳಿದೆ.

"ಸುಳ್ಳು ಹೇಳ್ತಾಳ ಅತ್ತಿ. ಅಕಿ ಬಂದು ಕೇಳಿದ್ಲು. ಕೈ ಮುಗಿಯೂದೊಂದು ಬಾಕಿ ಇತ್ತು. ನಾನs ಒಲ್ಲೆ ಅಂದೆ. ನೀವು ಅಕೀನ್ನ ಕುಂಡ್ರಿಸಿಕೊಂಡ್ರಿ ಅಂತ ಹೊಟ್ಟೆ ಉರದು ಒಲ್ಲೆ ಅಂದೆ."

ಹೊರಗೆ ಮಗ್ಗಗಳ ಸದ್ದು ಕೇಳುತ್ತಿತ್ತು. ಬೈದರೆ ಬೈಯಲಿ ಎಂದು ಕಾದೆ. ಅತ್ತೆ ಬೈಯಲಿಲ್ಲ.

"ವಹಿ ತಗೋ" ಅಂದಳು. "ನೆನಪಿದ್ದಷ್ಟು ಹೇಳ್ತೀನಿ."

ನಾನು ಹೊಸ ವಹಿ ತೆಗೆದು ಮಣೆ ಹಾಕಿಕೊಂಡು ಅವಳ ಮುಂದೆ ಕೂತೆ. ಹತ್ತೊಂಬತ್ತು ವರ್ಷಕ್ಕೆ ಮೊದಲ ಸಲ ಅಷ್ಟು ಹತ್ತಿರ ಕೂತೆ. ಅವಳು ಬೆರಳನ್ನು ಗಾಳಿಯಲ್ಲಿ ಆಡಿಸುತ್ತ ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಮೊದಲ ಸಾಲು ಬಂತು, ಎರಡು ಬಂತು. ಮೂರನೆಯದರಲ್ಲಿ ಎರಡು ಕಡೆ ತಡವರಿಸಿದಳು. ನಾಲ್ಕನೆಯದು ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. ನಾಲ್ಕರ ಮುಂದೆ ಬೆರಳು ನಿಂತಿತು.

"ಹಿಂದಿನ ಸಾಲು ಕಣ್ಣಿಗೆ ಕಂಡ್ರ ಮುಂದಿನ ಸಾಲು ಕೈಗೆ ಬರ್ತಿತ್ತು ನನಗ. ಕಾಣದs ಬರವಲ್ದು" ಅಂದಳು. ಮಹಾನಂದಾಳ ಕಡೆ ತಿರುಗಿ "ನಂದಾ, ನೀ ಬಾಜೂಕs ಇದ್ದೆಲ್ಲ. ಐದನೇದು ಹೆಂಗಿತ್ತು ಹೇಳು" ಅಂದಳು.

"ನನ್ನ ಮಕಾ ಗೋಡಿ ಕಡೆ ಇರ್ತಿತ್ತು ಅತ್ತಿ. ಒಂದು ದಿನಾನೂ ತಿರುಗಿ ನೋಡಲಿಲ್ಲ" ಎಂದು ಮಹಾನಂದಾ ಅಳತೊಡಗಿದಳು. ಮೂರು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ಅತ್ತೆ ನನ್ನ ಕಡೆ ಮುಖ ತಿರುಗಿಸಿದಳು. "ಸಕ್ರೆವ್ವಾ, ನೀ ದಿನಾ ಬಾಗಲ ಸಂದಿನಿಂದ ನೋಡ್ತಿದ್ದಿ. ನಿನ್ನ ಉಸರಿನ ಸಪ್ಪಳ ಕೇಳ್ತಿತ್ತು ನಂಗ. ಎಳಿ ಗುರುತು ಹಿಡಿಯೂ ಕಣ್ಣು ನಿಂದು. ಐದನೇ ಸಾಲಿನ್ಯಾಗ ಹಕ್ಕಿ ಮೊದಲು ಯಾವ ರೆಕ್ಕಿ ಬಿಚ್ಚಿತ್ತು? ಎಡದ್ದೋ, ಬಲದ್ದೋ? ಅಷ್ಟು ಹೇಳು. ಅಷ್ಟು ಸಿಕ್ಕರ ಉಳಿದದ್ದು ಬರ್ತೈತಿ."

ನಾನು ಕಣ್ಣು ಮುಚ್ಚಿ ಐದನೆಯ ಸಾಲು ನೇಯ್ದ ದಿನವನ್ನು ಎದುರಿಗೆ ತಂದುಕೊಂಡೆ. ಎಲ್ಲ ಬಂತು. ಅವತ್ತು ಮಹಾನಂದಾ ಹಸಿರು ಗಾಜಿನ ಬಳೆ ಹಾಕಿದ್ದಳು, ಎಡಗೈಯಲ್ಲಿ ಹನ್ನೊಂದು, ಬಲಗೈಯಲ್ಲಿ ಹತ್ತು. ರವಿಕೆಯ ತೋಳಿನ ಹೊಲಿಗೆ ಒಂದು ಬೆರಳಿನಷ್ಟು ಬಿಚ್ಚಿತ್ತು. ಅತ್ತೆ ಅವಳ ಬೆನ್ನನ್ನು ನಾಲ್ಕು ಸಲ ಸವರಿದಳು, ನಾಲ್ಕನೆಯ ಸಲ ಕೈಯನ್ನು ಅಲ್ಲೇ ಬಿಟ್ಟಳು. ಮಗ್ಗ ಅವರ ಪಕ್ಕದಲ್ಲೇ ಇತ್ತು. ಅದರ ಮೇಲೆ ಬಟ್ಟೆಯೂ ಇದ್ದಿರಬೇಕು.

"ನೋಡಲಿಲ್ಲ ಅತ್ತಿ" ಅಂದೆ.